ತಿರುಗುತ್ತದೆ, ಕಾಯುವುದಿಲ್ಲ

ಬಟ್ಟೆ ಒಗೆಯುವ ಕೆಲಸಕ್ಕೆ ನಮ್ಮಲ್ಲಿರುವ ಮರ್ಯಾದೆ ಬಟ್ಟೆ ಒಣಗಿಸುವ ಕೆಲಸಕ್ಕಿಲ್ಲ. ಒಗೆಯುವುದಕ್ಕೆ ಕಲ್ಲಿದೆ, ಸೋಪಿದೆ, ಬ್ರಷ್ಷಿದೆ, ಈಗ ಮೆಷಿನ್ನೂ ಇದೆ. "ಒಗೆದೂ ಒಗೆದೂ ಸೊಂಟ ಬಿದ್ದುಹೋಯಿತು" ಎಂದರೆ ಅಯ್ಯೋ ಪಾಪ ಎನ್ನುವವರಿದ್ದಾರೆ. "ಒಣಗಿಸೀ ಒಣಗಿಸೀ ಸುಸ್ತಾಯಿತು" ಎಂದು ಯಾವ ಹೆಂಗಸಾದರೂ ಹೇಳಿದ್ದನ್ನು ಕೇಳಿದ್ದೀರಾ? ಹಿಂಡಿ, ಕೊಡವಿ, ಹಗ್ಗದ ಮೇಲೆ ಹರವಿದರೆ ನಮ್ಮ ಪಾಲು ಮುಗಿಯಿತು, ಮಿಕ್ಕದ್ದು ಬಿಸಿಲಿನ ಪಾಲು ಎಂದೇ ಎಲ್ಲರ ಲೆಕ್ಕ. ಬಿಸಿಲು ಸಂಬಳ ಕೇಳುವುದಿಲ್ಲ. ಹಾಗಾಗಿ ಅದು ಮಾಡುವುದು ಒಂದು ಕೆಲಸವೆಂದೇ ಯಾರಿಗೂ ಅನ್ನಿಸುವುದಿಲ್ಲ.

ಬಯಲುಸೀಮೆಯವರಿಗೆ ಈ ಲೆಕ್ಕ ಸರಿ. ನಮ್ಮ ಮಲೆನಾಡಿನಲ್ಲಿ ಬಿಸಿಲು ಒಂದು ಮಾತೂ ಹೇಳದೆ ರಜೆ ಹಾಕಿ ಹೋಗುತ್ತದೆ. ಜೂನ್‌ನಲ್ಲಿ ಹೋದದ್ದು ಸೆಪ್ಟೆಂಬರ್ ತನಕ ಪತ್ತೆಯಿರುವುದಿಲ್ಲ. ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿಯ ಕಡೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ನಮಗೆ ನೆರೆಮನೆ ಇದ್ದ ಹಾಗೆ. ಆ ತಿಂಗಳುಗಳಲ್ಲಿ ಒಗೆದ ಬಟ್ಟೆಗೆ ಮನೆಯೊಳಗೇ ಜಾಗ. ಬಚ್ಚಲ ಹಂಡೆಯ ಒಲೆಯ ಮೇಲೆ, ಆಳೆತ್ತರದಲ್ಲಿ, ತೊಲೆಗೆ ಎರಡು ಬಿದಿರಿನ ಗಳ ಕಟ್ಟಿರುತ್ತಿದ್ದರು. ಸೀರೆ, ಪಂಚೆ, ನಮ್ಮ ಲಂಗ, ಅಣ್ಣಂದಿರ ಚಡ್ಡಿ ಎಲ್ಲ ಅದರ ಮೇಲೆ. ಎರಡು ದಿನಕ್ಕೆ ಅರೆ ಒಣಗಿದರೆ ಪುಣ್ಯ, ಉಳಿದದ್ದಕ್ಕೆ ಇಸ್ತ್ರಿಪೆಟ್ಟಿಗೆ. ಶಾಲೆಯ ಯೂನಿಫಾರಂಗೆ ಹೊಗೆಯ ವಾಸನೆ. ಇಡೀ ತರಗತಿಗೇ ಅದೇ ವಾಸನೆ ಇದ್ದದ್ದರಿಂದ ಯಾರೂ ಯಾರನ್ನೂ ಆಡಿಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ಬಾಣಂತಿ ಇದ್ದರಂತೂ ಅಗ್ಗಿಷ್ಟಿಕೆಯ ಕೆಂಡದ ಮೇಲೆ ಬಿದಿರಿನ ಬುಟ್ಟಿ ಮಗುಚಿಟ್ಟು, ಅದರ ಮೈಮೇಲೆ ಲಂಗೋಟಿ, ಕುಲಾವಿಗಳನ್ನು ಹರವಿ, ಒಬ್ಬರು ಪಕ್ಕದಲ್ಲೇ ಕಾವಲು ಕೂರಬೇಕು. ಅಜ್ಜಿಯಂದಿರಿಗೆ ಮಳೆಗಾಲದಲ್ಲಿ ಇದ್ದ ಉದ್ಯೋಗ ಅದು.

ಅಮ್ಮ ಒಂದು ನಿಯಮ ಮಾಡಿದ್ದಳು. ಒಲೆ ಉರಿಯುವಾಗ ಬಚ್ಚಲ ಕಿಟಕಿ ಮುಚ್ಚಬಾರದು. ಹೊರಗೆ ಕಚ್ಚುವ ಚಳಿಗಾಳಿ, ಎರಚಲು ಬೇರೆ. ನಾವು ಮೆಲ್ಲಗೆ ಹೋಗಿ ಮುಚ್ಚಿದರೆ ಅವಳು ಎಲ್ಲಿದ್ದರೂ ಅವಳಿಗೆ ಗೊತ್ತಾಗುತ್ತಿತ್ತು. "ಮುಚ್ಚಿದ್ರೆ ಬಟ್ಟೇಲಿರೋ ನೀರು ಎಲ್ಲಿಗೆ ಹೋಗ್ಬೇಕೇ?" ಎಂದು ಗದರುತ್ತಿದ್ದಳು. ಬೆಂಕಿ ಇದ್ದರೆ ಬಟ್ಟೆ ಒಣಗುತ್ತದೆ ಎಂದು ನಮ್ಮ ತಿಳಿವಳಿಕೆ. ಬೆಂಕಿ ನೀರನ್ನು ಆವಿ ಮಾಡಬಲ್ಲದು ಅಷ್ಟೆ, ಹೊರಗೆ ದಾಟಿಸುವುದು ಗಾಳಿ, ದಾರಿ ಇಲ್ಲದಿದ್ದರೆ ಆ ಆವಿ ಅಲ್ಲೇ ಸುತ್ತಿ ಮತ್ತೆ ಬಟ್ಟೆಗೇ ಬಂದು ಕೂರುತ್ತದೆ ಎಂಬುದು ಅವಳಿಗೆ ಯಾವ ಪುಸ್ತಕವನ್ನೂ ಓದದೆ ಗೊತ್ತಿತ್ತು. ಅವಳ ಈ ಮಾತು ನನಗೆ ಮತ್ತೆ ನೆನಪಿಗೆ ಬಂದದ್ದು ಹಿಮ ಬೀಳುವ ಊರಿನಲ್ಲಿ, ಅದೂ ಒಂದು ಯಂತ್ರದ ಬೆನ್ನ ಹಿಂದೆ.

2017ರ ನವೆಂಬರ್‌ನಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕದ ಓಹಾಯೋ ರಾಜ್ಯಕ್ಕೆ ಹೋಗಿದ್ದೆ. ಈಗ ನಮ್ಮ ಸಣ್ಣ ಊರುಗಳಲ್ಲೂ ಬೀದಿಗೆ ಇಬ್ಬರಾದರೂ ಇಂಥ ಪ್ರಯಾಣ ಮಾಡಿದ ಅಮ್ಮಂದಿರು ಸಿಗುತ್ತಾರೆ. ಬಜೆ, ಓಮ, ಅಂಟಿನುಂಡೆ, ಮೆಣಸಿನ ಸಾರಿನ ಪುಡಿ ಎಲ್ಲ ಸೂಟ್‌ಕೇಸಿನಲ್ಲಿ ಹೊತ್ತೊಯ್ಯುವವರು. ಡಿಸೆಂಬರ್ ಮೊದಲ ವಾರದಲ್ಲಿ ಮಗಳಿಗೆ ಸಿಸೇರಿಯನ್ ಆಗಿ ಹೆಣ್ಣು ಮಗುವಾಯಿತು. ಅಳಿಯಂದಿರಿಗೆ ಎರಡು ವಾರ ರಜೆ, ಆಮೇಲೆ ಅವರು ಬೆಳಿಗ್ಗೆ ಏಳಕ್ಕೆ ಹೋದರೆ ಸಂಜೆ ಏಳಕ್ಕೆ ಬರುವುದು. ಮನೆಯಲ್ಲಿ ನಾವು ಮೂವರು ಹೆಂಗಸರು, ಅದರಲ್ಲಿ ಒಬ್ಬಳು ಮೂರೂವರೆ ಕಿಲೋ ತೂಕದವಳು. ಒಗೆಯುವ ಬಟ್ಟೆಯಲ್ಲಿ ಮುಕ್ಕಾಲು ಪಾಲು ಅವಳದೇ.

ಅಲ್ಲಿ ಹೊರಗೆ ಬಟ್ಟೆ ಹರವುವಂತಿಲ್ಲ. ಆ ಚಳಿಯಲ್ಲಿ ಹರವಿದರೆ ಹಲಗೆಯ ಹಾಗೆ ಸೆಟೆದು ನಿಲ್ಲುತ್ತವೆ, ಅದು ಬೇರೆ ಮಾತು. ಬೇಸಿಗೆಯಲ್ಲೂ ಹರವುವಂತಿಲ್ಲ. ಬಡಾವಣೆಯ ಸಂಘದವರ ನಿಯಮವಂತೆ, ಹಗ್ಗದ ಮೇಲೆ ಬಟ್ಟೆ ಕಂಡರೆ ಬೀದಿಯ ಅಂದ ಕೆಡುತ್ತದೆಯಂತೆ. ಇಂಥ ನಿಯಮಗಳ ವಿರುದ್ಧ ಅಲ್ಲಿಯ ಜನರೇ ಹೋರಾಡಿದ್ದಾರೆ. ವರ್ಮಾಂಟ್, ಮೇಯ್ನ್ ರಾಜ್ಯಗಳು 2009ರಲ್ಲಿ ಕಾನೂನನ್ನೇ ಮಾಡಿ ಬಟ್ಟೆ ಒಣಹಾಕುವ ಹಕ್ಕನ್ನು ಕೊಟ್ಟಿವೆ. ಸ್ವಾತಂತ್ರ್ಯದ ದೇಶದಲ್ಲಿ ಸೀರೆ ಹರವಲು ಶಾಸನ ಬೇಕಾಯಿತೇ ಎಂದು ನಾನು ನಕ್ಕೆ. ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಬಾಲ್ಕನಿಯ ಹೊರಗೆ ಬಟ್ಟೆ ಹಾಕಬೇಡಿ ಎನ್ನುವ ನೋಟೀಸು ಅಂಟಿಸುವುದನ್ನು ಮಗಳು ನೆನಪಿಸಿದ ಮೇಲೆ ನಗು ನಿಂತಿತು.

ಆದ್ದರಿಂದ ಅಲ್ಲಿ ಮನೆಮನೆಯಲ್ಲೂ ವಾಷಿಂಗ್ ಮೆಷಿನ್ನಿನ ಪಕ್ಕ ಅದರಷ್ಟೇ ದೊಡ್ಡದಾದ ಇನ್ನೊಂದು ಪೆಟ್ಟಿಗೆ, ಡ್ರೈಯರ್. ನಮ್ಮಲ್ಲಿ ಸೆಮಿ ಆಟೊಮ್ಯಾಟಿಕ್ ಮೆಷಿನ್ನಿನ ಎರಡನೆಯ ಡಬ್ಬಿಗೂ ಡ್ರೈಯರ್ ಎನ್ನುತ್ತೇವೆ. ಆದರೆ ಅದು ಗಿರ್ರನೆ ತಿರುಗಿಸಿ ನೀರು ಹಿಂಡುತ್ತದೆ ಅಷ್ಟೆ, ಬಿಸಿ ಮಾಡುವುದಿಲ್ಲ. ಇದು ಹಾಗಲ್ಲ. ದೊಡ್ಡ ಡ್ರಮ್ಮಿನಲ್ಲಿ ಬಟ್ಟೆಗಳನ್ನು ಉರುಳಿಸುತ್ತಾ ಅವುಗಳ ನಡುವೆ ಬಿಸಿಗಾಳಿ ಹಾಯಿಸುತ್ತದೆ. ಒದ್ದೆಯಾದ ಆ ಗಾಳಿ ಹಿಂದಿನ ಕೊಳವೆಯ ಮೂಲಕ ಗೋಡೆ ದಾಟಿ ಹೊರಗೆ ಹೋಗುತ್ತದೆ. ಮುಕ್ಕಾಲು ಗಂಟೆಯಲ್ಲಿ ಬಟ್ಟೆ ಗರಿಗರಿ.

ಈ ಪೆಟ್ಟಿಗೆಯ ವಂಶಾವಳಿ ಕೇಳಿದರೆ ನಮ್ಮ ಬಚ್ಚಲ ಗಳಕ್ಕೂ ಅದಕ್ಕೂ ದೂರದ ನೆಂಟಸ್ತಿಕೆಯಿದೆ ಎನ್ನಿಸುತ್ತದೆ. ಜಾರ್ಜ್ ಟಿ. ಸ್ಯಾಂಪ್ಸನ್ ಎಂಬ ಆಫ್ರಿಕನ್ ಅಮೆರಿಕನ್ ಸಂಶೋಧಕ 1892ರಲ್ಲಿ ಪೇಟೆಂಟ್ ಪಡೆದದ್ದು ಒಲೆಯ ಹತ್ತಿರ ಬಟ್ಟೆ ತೂಗುಹಾಕುವ ಒಂದು ಚೌಕಟ್ಟಿಗೆ. ಆಮೇಲೆ ಉತ್ತರ ಡಕೋಟಾದ ಜೆ. ರಾಸ್ ಮೂರ್ ಎಂಬಾತ, ತಾಯಿ ಹಿಮದಲ್ಲಿ ನಿಂತು ಬಟ್ಟೆ ಹರವುವುದನ್ನು ನೋಡಲಾರದೆ ಮನೆಯ ಪಕ್ಕ ಒಂದು ಶೆಡ್ ಕಟ್ಟಿ, ಒಳಗೆ ಒಲೆ ಹಚ್ಚಿ, ಅಲ್ಲಿ ಬಟ್ಟೆ ಒಣಗಿಸಿಕೊಟ್ಟನಂತೆ. ಅಲ್ಲಿಂದ ಶುರುವಾದ ಅವನ ಪ್ರಯೋಗಗಳು ತಿರುಗುವ ಡ್ರಮ್ಮಿನ ತನಕ ಬಂದವು. ವಿಸ್ಕಾನ್ಸಿನ್ ರಾಜ್ಯದ ಒಂದು ಕಂಪನಿ 1938ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಇಟ್ಟ ಹೆಸರು 'ಜೂನ್ ಡೇ'. ಅವರಿಗೆ ಜೂನ್ ದಿನವೆಂದರೆ ಹಿತವಾದ ಬಿಸಿಲು, ತಿಳಿಯಾದ ಆಕಾಶ. ಆ ಹೆಸರಿನ ಯಂತ್ರವನ್ನು ನಮ್ಮ ತೀರ್ಥಹಳ್ಳಿಯ ಪೇಟೆಯಲ್ಲಿ ಇಟ್ಟಿದ್ದರೆ ಒಬ್ಬ ಗಿರಾಕಿಯೂ ಹತ್ತಿರ ಸುಳಿಯುತ್ತಿರಲಿಲ್ಲ.

ಮಗಳ ಮನೆಯ ಡ್ರೈಯರ್ ಹಳೆಯ ಮನೆ ಕೊಂಡಾಗ ಮನೆಯ ಜೊತೆಗೇ ಬಂದದ್ದು. 2018ರ ಜನವರಿಯಲ್ಲಿ, ಆ ಸೀಮೆಯಲ್ಲಿ ಚಳಿ ವಿಪರೀತವಾಗಿದ್ದ ದಿನಗಳಲ್ಲಿ, ಅದು ಒಂದು ಬೆಳಿಗ್ಗೆ ಮುಷ್ಕರ ಹೂಡಿತು. ಪೂರ್ತಿ ಮುಷ್ಕರವಲ್ಲ. ದೀಪ ಹತ್ತುತ್ತದೆ, ಡ್ರಮ್ಮು ತಿರುಗುತ್ತದೆ, ಸದ್ದು ಎಂದಿನಂತೆಯೇ, ಮುಗಿದಾಗ ಪೀಪಿ ಊದುವುದೂ ಎಂದಿನಂತೆಯೇ. ಬಾಗಿಲು ತೆಗೆದು ಕೈ ಹಾಕಿದರೆ ಬಟ್ಟೆ ತಣ್ಣಗೆ, ಒದ್ದೆ. ಇನ್ನೊಂದು ಸಲ ಹಾಕಿದರೂ ಅಷ್ಟೆ. "ತಿರುಗುತ್ತದೆ, ಕಾಯುವುದಿಲ್ಲ" ಎಂದು ಸಂಜೆ ಅಳಿಯಂದಿರಿಗೆ ವರದಿ ಒಪ್ಪಿಸಿದೆ. ಅವರು ರಿಪೇರಿಯವರಿಗೆ ಫೋನ್ ಮಾಡಿದರು. ಬಂದು ನೋಡುವುದಕ್ಕೇ ನೂರು ಡಾಲರ್ ಮೇಲೆ, ಬರುವುದು ಒಂಬತ್ತು ದಿನದ ನಂತರ. "ಹೊಸದೇ ತಗೊಂಡುಬಿಡೋಣ ಅತ್ತೆ" ಎಂದರು. ಒಳ್ಳೆಯ ಮನುಷ್ಯ, ಆದರೆ ಯಾವುದು ಕೆಟ್ಟರೂ ಅವರಿಗೆ ಹೊಳೆಯುವ ಔಷಧ ಅದೊಂದೇ.

ಮಾರನೆಯ ದಿನಕ್ಕೆ ಮನೆ ನಮ್ಮ ಮಳೆಗಾಲದ ಬಚ್ಚಲಾಯಿತು. ಕುರ್ಚಿಯ ಬೆನ್ನು, ಮೆಟ್ಟಿಲ ಕಟಾಂಜನ, ಸ್ನಾನದ ಮನೆಯ ಪರದೆಯ ಸರಳು, ಎಲ್ಲದರ ಮೇಲೂ ಪುಟ್ಟಿಯ ಬಟ್ಟೆ. ನನಗೆ ಇದೇನೂ ಹೊಸದಲ್ಲ, ಒಂಥರಾ ಊರಿಗೆ ಬಂದ ಹಾಗೇ ಆಯಿತು. ಆದರೆ ಮಧ್ಯಾಹ್ನ ನೋಡುತ್ತೇನೆ, ಮಗಳು ಒಂದು ಒದ್ದೆ ಕುಲಾವಿಯನ್ನು ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕುಳಿತು ಅಳುತ್ತಿದ್ದಾಳೆ. ಸದ್ದಿಲ್ಲದ ಅಳು. "ಏನಾಯ್ತೇ?" ಎಂದರೆ, "ಒಂದೂ ಸರಿಯಾಗ್ತಿಲ್ಲಮ್ಮ, ಈ ಮನೇಲಿ ಒಂದೂ ಸರಿಯಾಗ್ತಿಲ್ಲ" ಎಂದಳು.

ಒಂದು ಕುಲಾವಿ ಒಣಗದ್ದಕ್ಕೆ ಯಾರೂ ಹಾಗೆ ಅಳುವುದಿಲ್ಲ ಎಂದು ಹೆತ್ತವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಕೆಲವು ವಾರದಿಂದ ಗಮನಿಸುತ್ತಲೇ ಇದ್ದೆ. ಮಗುವಿಗೆ ಹಾಲು ಕೊಡುತ್ತಾಳೆ, ಬಟ್ಟೆ ಬದಲಿಸುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಹೊತ್ತು ಹೊತ್ತಿಗೆ ಎಲ್ಲ ನಡೆಯುತ್ತದೆ. ಆದರೆ ನಗುವಿಲ್ಲ, ಸಿಟ್ಟೂ ಇಲ್ಲ. ಚಿಕ್ಕಂದಿನಲ್ಲಿ ನನ್ನೊಡನೆ ದಿನಕ್ಕೆ ಹತ್ತು ಸಲ ಜಗಳವಾಡುತ್ತಿದ್ದ ಹುಡುಗಿ ಈಗ ಏನು ಹೇಳಿದರೂ "ಹೂಂ ಅಮ್ಮ" ಎನ್ನುತ್ತಾಳೆ. ಊರಿಗೆ ಫೋನ್ ಮಾಡಿದರೆ ನಮ್ಮಕ್ಕ, "ಹಸಿ ಬಾಣಂತಿ ಅಲ್ವೇನೇ, ಹಾಗೇ ಇರ್ತಾರೆ, ಮೂರು ತಿಂಗ್ಳು ಕಳೀಲಿ" ಎಂದಳು. ಇರಬಹುದು. ಆದರೆ ತಿಂಗಳ ಲೆಕ್ಕ ಹಾಕುತ್ತಾ ಕೂರುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ.

ನನ್ನ ಮಗಳು ಎಲೆಕ್ಟ್ರಾನಿಕ್ಸ್ ಇಂಜಿನಿಯರು. ಮದುವೆಗೆ ಮುಂಚೆ ನಾಲ್ಕು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿದವಳು. ಗಂಡನ ಕೆಲಸದ ವೀಸಾದ ಮೇಲೆ ಹೋಗುವ ಹೆಂಡತಿಯರಿಗೆ ಅಲ್ಲಿ ಎಚ್-4 ಎಂಬ ವೀಸಾ ಕೊಡುತ್ತಾರೆ. ಅದರಲ್ಲಿ ದೇಶದೊಳಗೆ ಇರಬಹುದು, ದುಡಿಯುವಂತಿಲ್ಲ. ಗಂಡನ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಿದ್ದರೆ ಹೆಂಡತಿಗೂ ಕೆಲಸದ ಪರವಾನಗಿ ಕೊಡುವ ನಿಯಮ 2015ರಲ್ಲಿ ಬಂತು. ಇವರ ಅರ್ಜಿ ಆ ಹಂತ ದಾಟಿರಲಿಲ್ಲ. ಹಾಗೆ ಎರಡು ವರ್ಷ ಮನೆಯೊಳಗೆ ಕಳೆದ ಮೇಲೆ ಮಗು ಬಂದದ್ದು.

ನಾನು ಅವಳ ಪಕ್ಕ ಕುಳಿತೆ. ಸಮಾಧಾನದ ಮಾತು ಯಾವುದೂ ಹೊಳೆಯಲಿಲ್ಲ. "ಫ್ಯೂಸ್ ಹೋಗಿದೆಯೇನೋ ನೋಡೇ" ಎಂದೆ. ನಮ್ಮ ಕಾಲದ ಹೆಂಗಸರಿಗೆ ಫ್ಯೂಸಿನ ಪರಿಚಯ ಚೆನ್ನಾಗಿಯೇ ಇದೆ. ದೀಪ ಹೋದರೆ ಪಿಂಗಾಣಿಯ ಕಟ್ಟೆ ಕಿತ್ತು, ಸುಟ್ಟ ತಂತಿ ತೆಗೆದು, ಹೊಸ ಎಳೆ ಸುತ್ತಿ ಹಾಕುವುದು ನಮಗೆ ಒಗ್ಗರಣೆ ಹಾಕಿದಷ್ಟೇ ಸಲೀಸು. ಮಗಳು ಕಣ್ಣೊರೆಸಿಕೊಂಡು, "ಫ್ಯೂಸ್ ಹೋದ್ರೆ ಡ್ರಮ್ ಹೇಗೆ ತಿರುಗುತ್ತಮ್ಮ?" ಎಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಿರುಗಬಹುದು" ಎಂದು ತಾನೇ ಹೇಳಿದಳು. ಎದ್ದು ಹೋಗಿ ಕಪಾಟಿನ ತಳದಿಂದ ಒಂದು ಹಳದಿ ಪೆಟ್ಟಿಗೆ ತಂದಳು. ಬೆಂಗಳೂರಿನಿಂದ ಒಯ್ದಿದ್ದ ಮಲ್ಟಿಮೀಟರು. ಅದರ ಬ್ಯಾಟರಿ ಸತ್ತುಹೋಗಿತ್ತು.

ಹೊಸ ಬ್ಯಾಟರಿ ಬಂದ ಮೇಲೆ ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ನಿಮ್ಮ ಮಗಳ ಮನೆಯಲ್ಲೋ ಸೊಸೆಯ ಮನೆಯಲ್ಲೋ ಉಪಯೋಗಕ್ಕೆ ಬಂದೀತು.

ಮೊದಲು ನೋಡಬೇಕಾದ್ದು ಗುಂಡಿಯನ್ನು. ಬರೀ ತಣ್ಣನೆ ಗಾಳಿಯಲ್ಲಿ ತಿರುಗಿಸುವ ಸ್ಥಾನವೊಂದು ಡ್ರೈಯರಿನಲ್ಲಿ ಇರುತ್ತದೆ. ಒರೆಸುವಾಗ ಕೈ ತಾಗಿ ಅಲ್ಲಿಗೆ ತಿರುಗಿದ್ದರೆ ರಿಪೇರಿಯೇ ಬೇಡ. ನಮ್ಮದು ಸರಿಯಾಗಿಯೇ ಇತ್ತು.

ಎರಡನೆಯದು ಮನೆಯ ಕರೆಂಟಿನ ಪೆಟ್ಟಿಗೆ. ಅಲ್ಲಿಯ ಮನೆಗಳಿಗೆ 120 ವೋಲ್ಟಿನ ಎರಡು ಎಳೆ ಬರುತ್ತವೆ. ದೀಪ, ಮಿಕ್ಸಿಗಳಿಗೆ ಒಂದು ಎಳೆ ಸಾಕು. ವಿದ್ಯುತ್ ಡ್ರೈಯರಿನ ಮೋಟಾರಿಗೂ ಒಂದೇ ಸಾಕು. ಆದರೆ ಅದರ ಬಿಸಿ ಮಾಡುವ ಕಾಯಿಲಿಗೆ ಎರಡೂ ಸೇರಿ 240 ಬೇಕು. ಹಾಗಾಗಿ ಡ್ರೈಯರಿಗೆ ಜೋಡಿ ಬ್ರೇಕರ್, ನಮ್ಮ ಎಂಸಿಬಿಯ ಹಾಗಿರುವುದು. ಅದರಲ್ಲಿ ಒಂದು ಎಳೆ ಕೈಕೊಟ್ಟರೆ ಡ್ರಮ್ಮು ಎಂದಿನಂತೆ ತಿರುಗುತ್ತಿರುತ್ತದೆ, ಕಾಯಿಲು ಮಾತ್ರ ಕಾಯುವುದಿಲ್ಲ. ನೋಡಿದವರಿಗೆ ಕರೆಂಟ್ ಇದೆಯೆಂದೇ ಕಾಣುತ್ತದೆ. ಬ್ರೇಕರನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಬೇಕು. ಎಷ್ಟೋ ಮನೆಗಳಲ್ಲಿ ರೋಗ ಇಲ್ಲಿಗೇ ವಾಸಿ. ನಮ್ಮಲ್ಲಿ ಆಗಲಿಲ್ಲ. ಮಗಳು ಮೀಟರಿನಿಂದ ಗೋಡೆಯ ಪ್ಲಗ್ಗನ್ನು ಅಳೆದಳು. 240 ಸರಿಯಾಗಿ ಬರುತ್ತಿತ್ತು. (ಇದು ಕಲಿತವರು ಮಾತ್ರ ಮಾಡುವ ಕೆಲಸ, ಉಳಿದವರು ಇಲ್ಲಿ ಕೈ ಹಾಕಬಾರದು.)

ಮೂರನೆಯದು ಜಾಲರಿ. ಬಟ್ಟೆ ಉರುಳುವಾಗ ನವಿರಾದ ನೂಲಿನ ಹೊಟ್ಟು ಉದುರುತ್ತದೆ, ಅಲ್ಲಿ ಅದಕ್ಕೆ ಲಿಂಟ್ ಎನ್ನುತ್ತಾರೆ. ಅದನ್ನು ಹಿಡಿಯಲು ಒಂದು ಜಾಲರಿ ಇರುತ್ತದೆ, ಪ್ರತಿಸಲವೂ ಅದನ್ನು ತೆಗೆದು ಬಳಿಯಬೇಕು. ಮಗಳ ಮನೆಯಲ್ಲಿ ಇದನ್ನು ತಪ್ಪದೆ ಮಾಡುತ್ತಿದ್ದರು. ಆದರೂ ಜಾಲರಿಯನ್ನು ನಲ್ಲಿಯ ಕೆಳಗೆ ಹಿಡಿದರೆ ನೀರು ಸಲೀಸಾಗಿ ಇಳಿಯಲಿಲ್ಲ, ಮೇಲೆಯೇ ನಿಂತಿತು. ಬಟ್ಟೆಗೆ ಮೃದುತ್ವ, ಪರಿಮಳ ಬರಲೆಂದು ಹಾಕುವ ಹಾಳೆಗಳಿವೆಯಲ್ಲ, ಅವುಗಳ ಮೇಣದಂಥ ಅಂಶ ಜಾಲರಿಯ ಕಣ್ಣಿಗೆ ಕಾಣದ ಹಾಗೆ ಲೇಪವಾಗಿ ಕೂರುತ್ತದೆ. ನೀರೇ ದಾಟದ ಮೇಲೆ ಗಾಳಿ ಸಲೀಸಾಗಿ ದಾಟೀತೇ? ಸೋಪು, ಬಿಸಿನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ನಾನು ಉಜ್ಜಿದೆ.

ನಾಲ್ಕನೆಯದು ಹೊರಗೋಡೆ. ಡ್ರೈಯರ್ ತಿರುಗುವಾಗ ಗೋಡೆಯಾಚೆ ಕೊಳವೆಯ ಬಾಯಿಯ ಮುಚ್ಚಳ ಗಾಳಿಯ ರಭಸಕ್ಕೆ ತೆರೆದುಕೊಳ್ಳಬೇಕು. ಅಳಿಯಂದಿರು ಬೂಟು, ಟೋಪಿ, ಕೈಚೀಲ ಎಲ್ಲ ತೊಟ್ಟು ಹಿಮದಲ್ಲಿ ಹೋಗಿ ನೋಡಿ ಬಂದರು. "ತೆರೀತಾ ಇಲ್ಲ, ಸ್ವಲ್ಪ ಅಲ್ಲಾಡುತ್ತೆ ಅಷ್ಟೆ" ಎಂದರು. ಮಗಳ ಕಣ್ಣು ಆಗ ಮಿನುಗಿತು. ಅದನ್ನು ನೋಡಿ ಎಷ್ಟು ದಿನವಾಗಿತ್ತು! "ಹಾಗಾದ್ರೆ ಗೊತ್ತಾಯ್ತು. ಪ್ಲಗ್ ಕಿತ್ತು ಮುಂದಕ್ಕೆ ಎಳೀರಿ" ಎಂದು ಗಂಡನಿಗೆ ಅಪ್ಪಣೆ ಕೊಟ್ಟಳು. ಹೊಟ್ಟೆಯ ಗಾಯ ಇನ್ನೂ ಮಾಗುತ್ತಿದ್ದುದರಿಂದ ಭಾರದ ಕೆಲಸವೆಲ್ಲ ಅವರದು, ಮಗು ನನ್ನ ತೊಡೆಯ ಮೇಲೆ, ಬುದ್ಧಿ ಮಗಳದು.

ಹಿಂದಿನ ತಗಡು ಬಿಚ್ಚಿದಾಗ ಕಂಡದ್ದು ಒಂದು ಉದ್ದನೆಯ ತಗಡಿನ ಗೂಡು, ಅದರೊಳಗೆ ಇಸ್ತ್ರಿಪೆಟ್ಟಿಗೆಯ ಅಣ್ಣನಂತಿರುವ ಕಾಯಿಲು. ಗೂಡಿನ ಮೈಗೆ ಅಂಟಿಕೊಂಡು ನಾಣ್ಯದಷ್ಟು ಅಗಲದ ಎರಡು ಬಿಲ್ಲೆಗಳು, ಒಂದೊಂದಕ್ಕೆ ಎರಡೆರಡು ತಂತಿ. ಮಗಳು ತಂತಿ ಕಳಚಿ ಮೊದಲು ಕಾಯಿಲನ್ನು ಅಳೆದಳು. ಸುಮಾರು ಹತ್ತು ಓಮ್ ತೋರಿಸಿತು. ಅಂದರೆ ಅದು ತುಂಡಾಗಿಲ್ಲ. ಮೊದಲ ಬಿಲ್ಲೆಗೆ ಮೀಟರು ಪೀಂ ಎಂದಿತು. ಅದು ಥರ್ಮೋಸ್ಟಾಟ್, ಕಾವು ಹೆಚ್ಚಾದಾಗ ಕಾಯಿಲಿನ ಕರೆಂಟು ನಿಲ್ಲಿಸಿ ತಣಿದ ಮೇಲೆ ಮತ್ತೆ ಕೊಡುವಂಥದ್ದು. ಎರಡನೆಯದಕ್ಕೆ ಮೀಟರು ಮೌನ. "ಇದೇ ಅಮ್ಮ, ನೀನು ಹೇಳಿದ ಫ್ಯೂಸು" ಎಂದಳು. ಅದರ ಹೆಸರು ಥರ್ಮಲ್ ಕಟ್‌ಆಫ್. ಗೂಡಿನ ಕಾವು ಮಿತಿಮೀರಿದರೆ ಅದು ಒಂದೇ ಒಂದು ಸಲ ತಾನು ಹೋಗಿ ಕಾಯಿಲಿನ ಕರೆಂಟನ್ನು ಕಡಿದುಬಿಡುತ್ತದೆ. ಮತ್ತೆ ಜೋಡಿಸಲು ಬರುವುದಿಲ್ಲ, ಹೊಸದನ್ನೇ ಹಾಕಬೇಕು. ಎಲ್ಲ ಡ್ರೈಯರುಗಳೂ ಹೀಗೇ ಇರುವುದಿಲ್ಲ, ಕೆಲವಲ್ಲಿ ಇಂಥ ಫ್ಯೂಸು ಹೋದರೆ ಡ್ರಮ್ಮೂ ನಿಂತುಹೋಗುತ್ತದೆ. ಗ್ಯಾಸಿನ ಡ್ರೈಯರಿನ ಕತೆಯೇ ಬೇರೆ. ಅದರ ಕೊಳವೆ ಕಟ್ಟಿದರೆ ವಿಷದ ಅನಿಲ ಮನೆಯೊಳಗೇ ತುಂಬಬಹುದು. ಅದಕ್ಕೆ ಬಲ್ಲವರನ್ನೇ ಕರೆಯಬೇಕು.

"ಎಷ್ಟಂತೆ ಅದು?" ಎಂದೆ. ಎರಡು ಬಿಲ್ಲೆಯ ಜೋಡಿಗೆ ಇಪ್ಪತ್ತು ಡಾಲರಿನ ಒಳಗೆ. ಎರಡು ದಿನದಲ್ಲಿ ಅಂಚೆಯಲ್ಲಿ ಬರುತ್ತದೆ. ಅಳಿಯಂದಿರಿಗೆ ಖುಷಿಯೋ ಖುಷಿ. "ಹಾಕಿಬಿಟ್ರೆ ಆಯ್ತಲ್ಲ!" ಎಂದರು. "ಆಗಲ್ಲ" ಎಂದಳು ಮಗಳು. "ಫ್ಯೂಸು ಸುಮ್ಮನೆ ಹೋಗಲ್ಲ. ಯಾಕೆ ಹೋಯ್ತು ಅಂತ ನೋಡದೆ ಹೊಸದು ಹಾಕಿದ್ರೆ ಅದೂ ಹೋಗುತ್ತೆ. ಕೆಲವರು ಫ್ಯೂಸೇ ಬೇಡ ಅಂತ ಎರಡು ತಂತೀನೂ ಸೇರಿಸಿ ಸುತ್ತಿಬಿಡ್ತಾರೆ. ಆಗ ಮನೆಗೇ ಬೆಂಕಿ."

ಅದು ಬರೀ ಹೆದರಿಸುವ ಮಾತಲ್ಲ. ಅಮೆರಿಕದ ಅಗ್ನಿಶಾಮಕ ಆಡಳಿತ 2008ರಿಂದ 2010ರ ವರ್ಷಗಳಿಗೆ ಕೊಟ್ಟ ಲೆಕ್ಕದಲ್ಲಿ, ಬಟ್ಟೆ ಒಣಗಿಸುವ ಯಂತ್ರದಿಂದ ಮನೆಗಳಲ್ಲಿ ಎದ್ದ ಬೆಂಕಿ ವರ್ಷಕ್ಕೆ ಸುಮಾರು 2,900. ಮೊದಲ ಕಾರಣ, ಶುಚಿ ಮಾಡದೆ ಬಿಟ್ಟದ್ದು.

ಕೊಳವೆ ಕಳಚಿದಾಗ ಉತ್ತರ ಸಿಕ್ಕಿತು. ಹಿಂದಿನ ಮನೆಯವರು ಹಾಕಿಸಿದ್ದ ಪ್ಲಾಸ್ಟಿಕ್ಕಿನ ಸುಕ್ಕುಸುಕ್ಕು ಕೊಳವೆ, ಗೋಡೆಗೂ ಯಂತ್ರಕ್ಕೂ ನಡುವೆ ಹಿಚುಕಿಹೋಗಿತ್ತು. ಒಳಗೆ ಲಿಂಟು. ಎಳೆದರೆ ಬಂತು, ಬಂತು, ಬರುತ್ತಲೇ ಇತ್ತು. ಹಾಸಿಗೆ ಬಿಚ್ಚಿ ಹಿಂಜಿದ ಅರಳೆಯ ಹಾಗೆ ಒಂದು ಬಕೆಟ್ಟು ತುಂಬ. ಬೂದು ಬಣ್ಣದ ಅದರಲ್ಲಿ ಅಲ್ಲಲ್ಲಿ ನೀಲಿ, ಕೆಂಪು ಎಳೆ, ತುದಿಯಲ್ಲಿ ಪುಟ್ಟಿಯ ಹೊದಿಕೆಯ ಎಳೆಗುಲಾಬಿ. ವರ್ಷಗಟ್ಟಲೆ ಜಾಲರಿಯ ಕಣ್ಣು ತಪ್ಪಿಸಿಕೊಂಡು ಹೋದದ್ದೆಲ್ಲ ಅಲ್ಲಿ ಸೇರಿಕೊಂಡಿತ್ತು. ಬಿಸಿಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲ, ಗೂಡಿನಲ್ಲೇ ಕಾವು ಏರಿದೆ, ಕಟ್‌ಆಫ್ ತಾನು ಹೋಗಿ ಮನೆಯನ್ನು ಉಳಿಸಿದೆ. ಬಚ್ಚಲ ಕಿಟಕಿಯ ಮುಂದೆ ನಿಂತು ಗದರುತ್ತಿದ್ದ ನನ್ನ ಅಮ್ಮ ಆಗಲೇ ನೆನಪಾದದ್ದು. ಎಲ್ಲಿಗೆ ಹೋಗಬೇಕು? ಮಗಳಿಗೆ ಹೇಳಿದೆ. ಅವಳು ಆ ಲಿಂಟಿನ ಮುದ್ದೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಹಳ ಹೊತ್ತು ನಕ್ಕಳು. "ಅಜ್ಜಿ ಇಂಜಿನಿಯರ್ ಆಗಬೇಕಿತ್ತು" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ, "ನನ್ನದೂ ಇಷ್ಟೇ ಅಮ್ಮ. ಎಲ್ಲೂ ಹೋಗೋಕೆ ದಾರಿ ಇಲ್ಲ" ಎಂದಳು.

ಪ್ಲಾಸ್ಟಿಕ್ ಕೊಳವೆಯ ಜಾಗಕ್ಕೆ ನಾಲ್ಕು ಅಂಗುಲದ ಲೋಹದ ಕೊಳವೆ ಬಂತು. ಮಡಿಕೆ ಕಡಿಮೆ, ದಾರಿ ನೇರ. ಹೊರಗಿನ ಮುಚ್ಚಳಕ್ಕೆ ಅಂಟಿದ್ದ ಹಿಮ, ಹೊಟ್ಟು ಎಲ್ಲ ಕೆರೆದದ್ದಾಯಿತು. ಮೂರನೆಯ ದಿನ ಎರಡು ಬಿಲ್ಲೆಗಳೂ ಕೂತವು. ಐದು ನಿಮಿಷಕ್ಕೆ ಡ್ರಮ್ಮಿನ ಬಾಗಿಲ ಗಾಜು ಬೆಚ್ಚಗಾಯಿತು. ಮಗಳು ಯಂತ್ರದ ಬಾಗಿಲೊಳಗೆ ಅಂಟಿಸಿದ್ದ ಎಚ್ಚರಿಕೆಯ ಚೀಟಿಯನ್ನು ಗಟ್ಟಿಯಾಗಿ ಓದಿ ಹೇಳಿದಳು. ಅಡುಗೆಯ ಎಣ್ಣೆ ತಾಗಿದ ಬಟ್ಟೆಯನ್ನು ಒಗೆದಿದ್ದರೂ ಇದರೊಳಗೆ ಹಾಕಬಾರದು, ಉಳಿದ ಎಣ್ಣೆ ಬಿಸಿಗೆ ತಾನೇ ಕಾದು ಹೊತ್ತಿಕೊಳ್ಳಬಹುದು. ಬಾಣಂತನಕ್ಕೆ ಹೋಗುವ ಅಮ್ಮಂದಿರು ಇದನ್ನು ಮುಖ್ಯವಾಗಿ ನೆನಪಿಡಬೇಕು. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ ಹಚ್ಚಿ ನೀರೆರೆದು ಒರೆಸಿದ ಟವೆಲುಗಳಿಗೆ ಸ್ನಾನದ ಮನೆಯ ಸರಳೇ ಕ್ಷೇಮ. ನಮ್ಮ ಮನೆಯಲ್ಲಿ ಅವಕ್ಕೆ ಅದೇ ಕಾಯಂ ಜಾಗ.

ಡ್ರೈಯರ್ ಬಿಸಿಯಾಯಿತು, ಮಗಳೂ ಸರಿಹೋದಳು ಎಂದು ಇಲ್ಲಿಗೆ ನಿಲ್ಲಿಸಿದರೆ ಓದಲು ಚೆನ್ನಾಗಿರುತ್ತದೆ. ಆದರೆ ಮನುಷ್ಯರ ಫ್ಯೂಸಿಗೆ ಎರಡು ದಿನದಲ್ಲಿ ಅಂಚೆಯಲ್ಲಿ ಬರುವ ಬಿಲ್ಲೆ ಇಲ್ಲ. ಆರು ವಾರದ ತಪಾಸಣೆಯಲ್ಲಿ ಡಾಕ್ಟರು ಹತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ನಗು ಬರುತ್ತದೆಯೇ, ಕಾರಣವಿಲ್ಲದೆ ಭಯವಾಗುತ್ತದೆಯೇ, ನಿದ್ದೆ ಬರದಷ್ಟು ದುಃಖವಿದೆಯೇ, ಇಂಥವು. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು 1987ರಲ್ಲಿ ಎಡಿನ್‌ಬರೊದಲ್ಲಿ ರೂಪಿಸಿದ ಪ್ರಶ್ನೆಗಳವು. ನಮ್ಮ ಆಸ್ಪತ್ರೆಗಳಲ್ಲೂ ಬಲ್ಲ ವೈದ್ಯರು ಬಳಸುತ್ತಾರೆ. ಮಗಳು ಎಲ್ಲಕ್ಕೂ ಇದ್ದದ್ದನ್ನು ಇದ್ದ ಹಾಗೆ ಗುರುತು ಹಾಕಿದಳು. ಕೆಲವು ತಿಂಗಳು ಒಬ್ಬ ಆಪ್ತ ಸಲಹೆಗಾರ್ತಿಯ ಬಳಿ ಹೋಗಿಬಂದಳು. ಅಳಿಯಂದಿರು ರಾತ್ರಿಯ ಒ‌ಂದು ಹೊತ್ತಿನ ಮಗುವಿನ ಜವಾಬ್ದಾರಿ ತಮ್ಮದು ಎಂದು ಹೊತ್ತುಕೊಂಡರು. ವಾರಕ್ಕೆ ಎರಡು ಸಂಜೆ ಮಗಳು ಒಬ್ಬಳೇ ಊರಿನ ಲೈಬ್ರರಿಗೆ ಹೋಗತೊಡಗಿದಳು. ಒಂದು ದಿನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ನನ್ನ ಮೇಲೆ ರೇಗಿದಳು. ಆ ದಿನ ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಬಾಣಂತಿಗೆ ಬೆಚ್ಚಗಿರಬೇಕು ಎಂದು ನಾವು ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕೋಣೆಗೆ ಪರದೆ ಎಲ್ಲ ಹಾಕುತ್ತೇವೆ. ತಪ್ಪೇನಲ್ಲ. ಜೊತೆಗೆ ಒಂದು ಕಿಟಕಿ ತೆರೆದಿದೆಯೇ ಎಂದೂ ನೋಡಬೇಕು. ಎಲ್ಲ ಕೆಲಸ ಎಂದಿನಂತೆ ನಡೆಯುತ್ತಿದ್ದರೆ ಮನೆಯವರಿಗೆ ಅನುಮಾನವೇ ಬರುವುದಿಲ್ಲ. ಡ್ರಮ್ಮು ತಿರುಗುತ್ತಿದೆಯಲ್ಲ ಎಂದು ನೆಮ್ಮದಿಯಾಗಿರುತ್ತಾರೆ. ಬಾಗಿಲು ತೆಗೆದು ಕೈಯಿಟ್ಟು ನೋಡಿದವರಿಗೇ ತಣ್ಣಗಿರುವುದು ಗೊತ್ತಾಗುವುದು.

ಮಗಳಿಗೆ 2020ರಲ್ಲಿ ಕೆಲಸದ ಪರವಾನಗಿ ಬಂತು, ಈಗ ಕೆಲಸದಲ್ಲಿದ್ದಾಳೆ. ಆ ಹಳದಿ ಪೆಟ್ಟಿಗೆ ಕಪಾಟಿನ ತಳದಿಂದ ಮೇಲಿನ ಅರೆಗೆ ಬಂದಿದೆ. ಈಚೆಗೆ ಒಂದು ಭಾನುವಾರ ಫೋನ್ ಮಾಡಿದರೆ ಮೂರು ಗಂಟೆ ಹೊತ್ತು ಎತ್ತಲಿಲ್ಲ. ಆಮೇಲೆ ತಾನೇ ಮಾಡಿದಳು. ಬೀದಿಯ ಕೊನೆಯ ಮನೆಗೆ ಹೊಸದಾಗಿ ಬಂದ ತಮಿಳು ಹುಡುಗಿಯ ಡ್ರೈಯರ್ ಕಾಯುತ್ತಿಲ್ಲವೆಂದು ನೋಡಲು ಹೋಗಿದ್ದಳಂತೆ.

"ಏನಾಗಿತ್ತೇ?"

"ಬ್ರೇಕರ್ ಅಷ್ಟೇ ಅಮ್ಮ. ಎರಡು ನಿಮಿಷದ ಕೆಲಸ."

"ಎರಡು ನಿಮಿಷಕ್ಕೆ ಮೂರು ಗಂಟೆ ಬೇಕಾಯ್ತಾ?"

"ಮಾತಾಡ್ತಾ ಕೂತಿದ್ದೆ. ಎರಡು ತಿಂಗಳ ಮಗು ಇದೆ ಅವಳಿಗೆ. ಮನೇಲಿ ಬೇರೆ ಯಾರೂ ಇಲ್ಲ."